ಡಿನ್ನರ್‌ಗೆ ಎರಡು ಎನ್, ಡೈನಿಂಗ್‌ಗೆ ಯಾಕೆ ಒಂದೇ?

ಮಗಳ ಡಿಕ್ಟೇಶನ್ ಪುಸ್ತಕದಲ್ಲಿ ಹೋದ ವಾರ ಕೆಂಪು ಇಂಕಿನದೇ ಜಾತ್ರೆ. 'ಡೈನಿಂಗ್' ಪದಕ್ಕೆ ಎರಡು ಎನ್ ಹಾಕಿದ್ದಳು. "ಡಿನ್ನರ್‌ಗೆ ಎರಡಿದೆಯಲ್ಲಾ!" ಅಂತ ವಾದ ಬೇರೆ. ಸುಮ್ನೆ ಉರು ಹೊಡೆದರೆ ಹೀಗೇ ಆಗುವುದು. ಹ್ರಸ್ವ, ದೀರ್ಘ, ಒತ್ತಕ್ಷರ ಕಲಿತ ಮಗುವಿಗೆ ಈ ಗುಟ್ಟು ಅರ್ಧ ಗೊತ್ತೇ ಇರುತ್ತದೆ.

ಮೊದಲು ಪಿನ್, ಕಿಟ್, ಹಾಪ್ ಬರೆಸಿ. ಮೂರು ಮೂರೇ ಅಕ್ಷರ, ನಡುವಿನ ಸ್ವರ ಗಿಡ್ಡ. ಈಗ ಪ್ರತಿಯೊಂದರ ಕೊನೆಗೆ ಒಂದು ಇ ಸೇರಿಸಿ. ಪೈನ್, ಕೈಟ್, ಹೋಪ್ ಆಗಿಬಿಟ್ಟವು! ಇ ತಾನು ಬಾಯಿ ಬಿಡುವುದಿಲ್ಲ, ಹಿಂದಿನ ಸ್ವರವನ್ನು ಎಳೆಯುತ್ತದೆ ಅಷ್ಟೆ.

ಇನ್ನು 'ಇಂಗ್' ಸೇರಿಸೋಣ. ಅದರ ಐಗೂ ಇದೇ ಚಾಳಿ. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಲ್ಲಿ ಜಿಗಿಯುವುದು ಹಾಪ್ ತಾನೇ? ಅದಕ್ಕೆ ನೇರವಾಗಿ ಇಂಗ್ ಅಂಟಿಸಿದರೆ ಹೋಪಿಂಗ್ ಆಗುತ್ತದೆ, ಕುಂಟುತ್ತಿದ್ದವಳು ಆಸೆಪಡುತ್ತಾ ನಿಲ್ಲುತ್ತಾಳೆ. ಅದಕ್ಕೇ ಇನ್ನೊಂದು ಪಿ ತಂದು ಅಡ್ಡಗೋಡೆ ಕಟ್ಟುವುದು. ಹೋಪ್‌ಗೆ ಗೋಡೆ ಬೇಡ, ಕೊನೆಯ ಇ ತೆಗೆದು ಇಂಗ್ ಹಾಕಿದರೆ ಸಾಕು. ಡಿನ್ನರ್, ಡೈನಿಂಗ್ ಕಥೆಯೂ ಇದೇ.

ಗೋಡೆ ಬೇಕಾಗುವುದು ಕೊನೆಯಲ್ಲಿ ಒಂದು ಸ್ವರ, ಒಂದು ವ್ಯಂಜನ ಇರುವ ಪುಟ್ಟ ಪದಗಳಿಗೆ. ಜಂಪ್‌ನಲ್ಲಿ ಆಗಲೇ ಎರಡು ವ್ಯಂಜನ ಇದೆ, ರೀಡ್‌ನಲ್ಲಿ ಎರಡು ಸ್ವರ. ಅವನ್ನು ಮುಟ್ಟಬೇಡಿ.

ನಾವು ರನ್ನಿಂಗ್, ಸ್ವಿಮ್ಮಿಂಗ್ ಅಂತ ಒತ್ತಿ ಹೇಳುತ್ತೇವಲ್ವಾ? ಇಂಗ್ಲಿಷರು ಒತ್ತುವುದಿಲ್ಲ. ನಗುವವರು ನಗಲಿ, ಸ್ಪೆಲಿಂಗ್ ನೆನಪಿಡಲು ನಮ್ಮ ಒತ್ತೇ ಜಾಸ್ತಿ ಉಪಯೋಗ.

ಬೇಬಿ ಬಹುವಚನವಾದಾಗ ವೈ ಹೋಗಿ ಐ-ಇ-ಎಸ್ ಬರುತ್ತದೆ. ವೈ ಹಿಂದೆ ಸ್ವರವಿದ್ದರೆ, ಬಾಯ್ ಥರ, ಬರೀ ಎಸ್.

'ಐ ಮೊದಲು, ಇ ಆಮೇಲೆ, ಸಿ ಬಂದರೆ ಉಲ್ಟಾ' ಅನ್ನುವ ಹಳೇ ಸೂತ್ರವನ್ನು ನಾನು ಹೇಳಿಕೊಡುವುದಿಲ್ಲ. ಬಿಲೀವ್, ರಿಸೀವ್‌ಗೆ ಸರಿ. ನೇಬರ್, ವಿಯರ್ಡ್ ಬಂದ ಕೂಡಲೇ ಕೈ ಕೊಡುತ್ತದೆ.

"ನೈಫ್‌ಗೆ ಕೆ ಯಾಕೆ?" ಅಂತ ಮಗಳು ಕೇಳಿದಳು. ಹಿಂದೆ ಇಂಗ್ಲಿಷರು ಆ ಕೆಯನ್ನು ಉಚ್ಚರಿಸುತ್ತಲೇ ಇದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಬರುಬರುತ್ತಾ ಅಚ್ಚಿನಲ್ಲಿ ಸ್ಪೆಲಿಂಗ್ ಗಟ್ಟಿಯಾಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಈಗ ನಮ್ಮನೆಯಲ್ಲಿ ಚಾಕುವಿಗೆ 'ಕ್ನೈಫ್' ಅಂತಲೇ ಹೆಸರು. ಡಿಕ್ಟೇಶನ್‌ನಲ್ಲಿ ಆ ಪದ ಮತ್ತೆ ತಪ್ಪಿಲ್ಲ.