ಬ್ಯಾಟರಿಯನ್ನು ಬೈಯುವ ಮೊದಲು ಪ್ಲಗ್ ನೋಡಿ

ಒಂದು ಆಷಾಢದಲ್ಲಿ ನನ್ನ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಕಾರವಾರದಲ್ಲಿ ವಾರದಿಂದ ಬಿಡುವಿಲ್ಲದ ಮಳೆ. ರಿಪೇರಿಯವರು ಒಂದು ಸುತ್ತು ಬಂದು ನೋಡಿ, ‘ಬ್ಯಾಟರಿ ಹೋಯ್ತು ಮಾರಾಯ್ರೆ, ಹೊಸದೇ ಹಾಕ್ಬೇಕು’ ಅಂದರು. ಅವರು ಹೇಳಿದ ರೇಟು ಕೇಳಿ ಗಾಡಿಯನ್ನು ಹಾಗೇ ಮನೆಗೆ ತಂದೆ. ಚಾರ್ಜಿಂಗ್ ಪೋರ್ಟಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ ಒಂದು ಪಿನ್ನಿನ ಬುಡದಲ್ಲಿ ಹಸಿರು ಪುಡಿ. ತಿಕ್ಕದೆ ಬಿಟ್ಟ ತಾಮ್ರದ ತಂಬಿಗೆಗೆ ಹತ್ತುತ್ತದಲ್ಲ, ಅದೇ ಕಿಲುಬು. ಅದನ್ನು ತೆಗೆಸಿದ ಮೇಲೆ ಅದೇ ಬ್ಯಾಟರಿ ಇಂದಿಗೂ ಓಡುತ್ತಿದೆ.

ನಮ್ಮ ಕರಾವಳಿಯಲ್ಲಿ ಬ್ಯಾಟರಿಗಿಂತ ಮೊದಲು ಕೆಡುವುದು ಅದರ ಸುತ್ತಲಿನ ತಾಮ್ರ, ಹಿತ್ತಾಳೆ, ರಬ್ಬರು. ಹಾಗಾಗಿ ಆರೈಕೆ ಅಲ್ಲಿಂದಲೇ ಶುರುವಾಗಲಿ.

ಕಿಲುಬು ತೆಗೆಯುವುದು

ಗಾಳಿಯಲ್ಲಿನ ಉಪ್ಪು ಪಿನ್ನಿನ ಮೇಲೆ ಕೂರುತ್ತದೆ, ತೇವ ಹೀರುತ್ತದೆ, ಲೋಹವನ್ನು ತಿನ್ನುತ್ತದೆ. ಕಿಲುಬಿನ ಮೂಲಕ ಕರೆಂಟು ಸರಾಗವಾಗಿ ಹರಿಯುವುದಿಲ್ಲ. ತಡೆ ಹೆಚ್ಚಾದಲ್ಲಿ ಬಿಸಿ ಹೆಚ್ಚು. ಪ್ಲಗ್ ಕರಗುವುದು, ಕಪ್ಪಾಗುವುದು ಎಲ್ಲ ಹೀಗೆಯೇ.

ತಿಂಗಳಿಗೊಮ್ಮೆ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಚಾರ್ಜರನ್ನು ಗೋಡೆಯಿಂದ ಕಿತ್ತು, ಕೀಲಿ ತೆಗೆದು, ಬ್ಯಾಟರಿ ಹೊರಬರುವಂಥದ್ದಾದರೆ ಅದನ್ನೂ ಹೊರಗಿಡಿ. ಆಮೇಲೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಳೆಯ, ಒಣಗಿದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಲು ಬಿಡಿ. ಸೇಫ್ಟಿ ಪಿನ್, ಸ್ಯಾಂಡ್ ಪೇಪರ್ ಬೇಡ. ಹುಣಸೆಹಣ್ಣೂ ಬೇಡ! ತಂಬಿಗೆಗೆ ಸರಿ, ಇಲ್ಲಿ ಹುಳಿ ಒಳಗುಳಿದು ಇನ್ನಷ್ಟು ತಿನ್ನುತ್ತದೆ. ಬ್ಯಾಟರಿ ಗಾಡಿಯೊಳಗೇ ಕೂತಿದ್ದರೆ ಪೋರ್ಟಿನಲ್ಲಿ ಕರೆಂಟು ಇರಬಹುದು, ಆ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಪ್ಲಾಸ್ಟಿಕ್ ಸುಟ್ಟು ಕಪ್ಪಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಾಯಿಸಬೇಕು.

ಇನ್ನೊಂದು ಸುಲಭದ ಪರೀಕ್ಷೆ: ಚಾರ್ಜಿಗಿಟ್ಟ ಅರ್ಧ ಗಂಟೆಯ ಮೇಲೆ ಗೋಡೆಯ ಪ್ಲಗ್ಗನ್ನು ಒಣಗಿದ ಕೈಯಿಂದ ಹೊರಗಿನಿಂದಲೇ ಮುಟ್ಟಿ. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್ ಸಡಿಲವಾಗಿರಬಹುದು. ಮೂರು ಪಿನ್ನಿನ, ಸರಿಯಾದ ಅರ್ತಿಂಗ್ ಇರುವ ಸಾಕೆಟ್ಟೇ ಬೇಕು. ಜಗಲಿಯಿಂದ ಅಂಗಳಕ್ಕೆ ಎಳೆದ ತೆಳು ಎಕ್ಸ್‌ಟೆನ್ಶನ್ ವಯರು ಬೇಡವೇ ಬೇಡ. ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿದರೆ ಒದ್ದೆ ಕೈಗೆ ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಗುಡುಗು ಶುರುವಾಯಿತೆಂದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಸಿಡಿಲು ತಲೆಯ ಮೇಲೆ ಬರುವವರೆಗೆ ಕಾಯಬೇಡಿ.

ಎಷ್ಟು ತುಂಬಿಸಬೇಕು?

ಮೊದಲು ಬ್ಯಾಟರಿ ಯಾವ ಜಾತಿ ಎಂದು ಲೇಬಲ್ಲಿನಲ್ಲೋ ಪುಸ್ತಿಕೆಯಲ್ಲೋ ನೋಡಿ. ಅಗ್ಗದ, ನಿಧಾನದ ಹಳೆ ಗಾಡಿಗಳಲ್ಲಿ ಲೆಡ್ ಆಸಿಡ್ ಇರುತ್ತದೆ. ಅದಕ್ಕೆ ಪೂರ್ತಿ ಚಾರ್ಜೇ ಇಷ್ಟ. ಅರೆಬರೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಲಿಥಿಯಂ ಇದಕ್ಕೆ ತದ್ವಿರುದ್ಧ. ಅದರಲ್ಲೂ ಎನ್‌ಎಂಸಿ ಎಂದು ಬರೆದಿದ್ದರೆ ದಿನದ ಓಡಾಟಕ್ಕೆ ಶೇ 20ರಿಂದ 80ರ ನಡುವೆ ಇಟ್ಟುಕೊಂಡರೆ ಹೆಚ್ಚು ವರ್ಷ ಬಾಳುತ್ತದೆ. ಈ ಜಾತಿಯ ಒಂದು ಸೆಲ್ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಆ ತುದಿಯಲ್ಲೇ ದಿನಗಟ್ಟಲೆ ನಿಲ್ಲಿಸಿದರೆ ಬೇಗ ಮುದಿಯಾಗುತ್ತದೆ. ಲಿಥಿಯಂನದೇ ಇನ್ನೊಂದು ಜಾತಿಯಾದ ಎಲ್‌ಎಫ್‌ಪಿ ಅಷ್ಟು ನಾಜೂಕಲ್ಲ. ಅದನ್ನು ಆಗಾಗ ನೂರಕ್ಕೆ ತುಂಬಿಸಬೇಕು, ಇಲ್ಲದಿದ್ದರೆ ಬ್ಯಾಟರಿಯ ಕಾವಲುಗಾರನಂತಿರುವ ಬಿಎಂಎಸ್‌ಗೆ ಲೆಕ್ಕ ತಪ್ಪಿ, ಶೇ 25 ತೋರಿಸುತ್ತಿದ್ದ ಗಾಡಿ ನಡುದಾರಿಯಲ್ಲಿ ನಿಲ್ಲಬಹುದು.

ಗಾಡಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಅರ್ಧ ಗಂಟೆ ನೆರಳಲ್ಲಿ ನಿಲ್ಲಲಿ, ನೀವೂ ಒಂದು ಲೋಟ ಚಾ ಕುಡಿಯಿರಿ.

ಘಟ್ಟದ ಲೆಕ್ಕ

ಶಿರಸಿ–ಕುಮಟಾ ನಡುವೆ ದೇವಿಮನೆ ಘಟ್ಟ ಹತ್ತಿ ಇಳಿಯುವವರಿಗೆ ಒಂದು ಮಾತು. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ. ಗಾಡಿ, ಸವಾರ ಸೇರಿ 200 ಕಿಲೋ ಎಂದುಕೊಂಡರೆ, ಆ ಎತ್ತರಕ್ಕೆ ಏರಲೆಂದೇ ಸುಮಾರು 0.32 ಯೂನಿಟ್ ಬೇಕು. ಬ್ಯಾಟರಿ ಮೂರು ಯೂನಿಟ್ಟಿನದಾದರೆ ಹತ್ತರಲ್ಲೊಂದು ಪಾಲು ಬರೀ ಏರಿಗೇ ಹೋಯಿತು. ದೂರದ್ದು ಬೇರೆ, ಮೋಟರಿನಲ್ಲಿ ಪೋಲಾಗುವುದು ಬೇರೆ. ಕುಮಟಾದಲ್ಲಿ ಪರದೆ ತೋರಿಸುವ ಕಿಲೋಮೀಟರು ಘಟ್ಟದಲ್ಲಿ ಸಿಗುವುದಿಲ್ಲ. ಏರಿನಲ್ಲಿ ಇಕೋ ಮೋಡ್‌ನಲ್ಲೇ ಹೋಗಿ.

ಇಳಿಯುವಾಗ ಇನ್ನೊಂದು ಸೂಕ್ಷ್ಮ. ರೀಜನ್ ಬ್ರೇಕ್ ಇರುವ ಗಾಡಿ ಇಳಿಜಾರಿನಲ್ಲಿ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ಶಿರಸಿಯಲ್ಲೇ ನೂರಕ್ಕೆ ತುಂಬಿಸಿ ಹೊರಟರೆ ಅದಕ್ಕೆ ಜಾಗವೆಲ್ಲಿ? ಮೋಟರಿನ ಹಿಡಿತ ಕಡಿಮೆಯಾಗಿ ಭಾರವೆಲ್ಲ ಕೈಬ್ರೇಕಿನ ಮೇಲೆ ಬೀಳುತ್ತದೆ. ತೊಂಬತ್ತಕ್ಕೇ ನಿಲ್ಲಿಸಿ ಹೊರಡಿ.

ಮಳೆ, ಒಲೆ, ನೆರೆ

ಮಳೆಯಲ್ಲಿ ಓಡಿಸಿದರೆ ಸಾಮಾನ್ಯವಾಗಿ ಏನೂ ಆಗದು. ಆದರೆ ಪ್ರೆಷರ್ ವಾಷರ್ ಹಿಡಿಸಬೇಡಿ, ಆ ರಭಸಕ್ಕೆ ರಬ್ಬರ್ ಸೀಲು ತಡೆಯದು. ಬೀಚಿಗೆ ಹೋಗಿ ಬಂದರೆ ಸಿಹಿನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿದರೆ ಸಾಕು. ಬ್ಯಾಟರಿಯ ಮೇಲೆ ಐಪಿ67 ಎಂದು, ಅಂದರೆ ಧೂಳು, ನೀರು ಒಳಹೋಗದು ಎಂದು ಬರೆದಿದೆಯಲ್ಲ ಎಂದು ಕೇಳಬಹುದು. ಅದು ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆ, ಅದೂ ಹೊಸ ಸೀಲಿನ ಮೇಲೆ.

ಘಟ್ಟದ ಮೇಲಿನ ಮನೆಗಳಲ್ಲಿ ಮಳೆಗಾಲದಲ್ಲಿ ಬಟ್ಟೆ, ಕಂಬಳಿ, ಹಪ್ಪಳ ಎಲ್ಲವೂ ಬಚ್ಚಲ ಒಲೆಯ ಹತ್ತಿರವೇ ಒಣಗುತ್ತವೆ. ಕಳಚುವ ಬ್ಯಾಟರಿಯನ್ನೂ ‘ಥಂಡಿ ಹಿಡಿಯದಿರಲಿ’ ಎಂದು ಅಲ್ಲೇ ಇಡುವವರಿದ್ದಾರೆ. ದಯವಿಟ್ಟು ಬೇಡ. ಲಿಥಿಯಂ ಬ್ಯಾಟರಿಯನ್ನು ಬಿಸಿಯಷ್ಟು ಸವೆಸುವುದು ಮತ್ತೊಂದಿಲ್ಲ. ತಂಪಾದ, ಗಾಳಿಯಾಡುವ ಮೂಲೆ ಸಾಕು. ಮಲಗುವ ಕೋಣೆ, ಹೊರಬಾಗಿಲ ದಾರಿ, ಕಟ್ಟಿಗೆ ರಾಶಿ ಇವುಗಳಿಂದ ದೂರ.

2019ರಲ್ಲಿ, 2021ರಲ್ಲಿ ಗಂಗಾವಳಿ ತೀರದ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಬ್ಯಾಟರಿ ಮುಳುಗಿತ್ತೆಂದರೆ, ಅದರಲ್ಲೂ ಉಪ್ಪುನೀರಿನಲ್ಲಿ, ಒಣಗಿಸಿ ಆನ್ ಮಾಡಿ ನೋಡುವ ಆಸೆ ಬೇಡ. ಚಾರ್ಜಿಗಂತೂ ಹಾಕಲೇಬೇಡಿ. ಶಾರ್ಟ್ ಆಗಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಗಾಡಿಯನ್ನು ಮನೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ ಕಂಪನಿಯವರಿಗೆ ತಿಳಿಸಿ. ಬ್ಯಾಟರಿ ಊದಿದ್ದರೆ, ಸಿಹಿಯಾದ ವಿಚಿತ್ರ ವಾಸನೆ ಅಥವಾ ಬುಸ್ ಎಂಬ ಸದ್ದು ಬಂದರೆ ಹತ್ತಿರ ಹೋಗಬೇಡಿ. ದೂರ ಸರಿದು 112ಕ್ಕೆ ಕರೆ ಮಾಡಿ.

ತಿಂಗಳುಗಟ್ಟಲೆ ಊರಲ್ಲಿಲ್ಲದಿದ್ದರೆ

ಮುಂಬೈಯಲ್ಲಿರುವ ಮಕ್ಕಳ ಮನೆಗೆ ಹೋಗಿ ಚೌತಿಗೆ ವಾಪಸಾಗುವವರು ಲಿಥಿಯಂ ಬ್ಯಾಟರಿಯನ್ನು ಶೇ 50ರ ಆಸುಪಾಸಿಗೆ ತಂದು ಬಿಡಿ. ಚಾರ್ಜರ್ ಸಿಕ್ಕಿಸಿಯೇ ಹೋಗಬೇಡಿ. ಖಾಲಿ ಮಾಡಿಯೂ ಹೋಗಬೇಡಿ: ನಿಂತಲ್ಲೇ ಗಾಡಿ ಚೂರುಚೂರು ಕುಡಿಯುತ್ತದೆ, ತೀರಾ ಕೆಳಗಿಳಿದ ಬ್ಯಾಟರಿ ಮತ್ತೆ ಏಳದೆಯೂ ಇರಬಹುದು. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ತಿಂಗಳಿಗೊಮ್ಮೆ ಪರ್ಸೆಂಟೇಜ್ ನೋಡಲು ಹೇಳಿ. ತಾಡಪಾಲು ಬಿಗಿದು ಕಟ್ಟಬೇಡಿ, ಒಳಗೆ ಬೆವರಿ ಮತ್ತದೇ ಕಿಲುಬು.

ಕೊನೆಗೆ ಬ್ಯಾಟರಿ ನಿಜಕ್ಕೂ ಮುಗಿದೇ ಹೋದರೆ ಗುಜರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ಮರಳಿ ಪಡೆಯುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಅದನ್ನೇ ಮೊದಲು ಕೇಳಿ. ಅದಕ್ಕೂ ಮೊದಲು, ಪೋರ್ಟಿಗೆ ಒಮ್ಮೆ ಟಾರ್ಚ್ ಬಿಡಿ.