ಗೂಡೆಣಿಕೆಗೆ ಮಟಮಟ ಮಧ್ಯಾಹ್ನ: ನನ್ನ ಅನುಭವ

ಬೇಸಿಗೆಯಲ್ಲಿ ಹತ್ತು ಗಂಟೆ ದಾಟಿದರೆ ಬೈನಾಕ್ಯುಲರ್ ಚೀಲಕ್ಕೆ ಹಾಕಿ ಅನ್ನುವವರೇ ಎಲ್ಲ. ಪೊದೆ ಹಕ್ಕಿಗಳ ಮಟ್ಟಿಗೆ ಸರಿ. ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಯ ಗೂಡೆಣಿಸಲು ಮಾತ್ರ ನನ್ನದು ಹನ್ನೆರಡೂವರೆಯಿಂದ ಎರಡೂವರೆ. ಇದನ್ನು ಕೇಳಿ ನಕ್ಕವರೇ ಈ ಸಲ ಪುಸ್ತಕ, ಪೆನ್ಸಿಲ್ ಹಿಡಿದು ಜೊತೆಗೆ ಬಂದಿದ್ದರು.

ಮೊದಲ ವರ್ಷ ಸಂಜೆ ಐದಕ್ಕೆ ಎಣಿಸಿ ಕೆಟ್ಟೆ. ಗೂಡಿಲ್ಲದವೂ ರಾತ್ರಿಗೆಂದು ಅದೇ ಹುಣಸೆ ಮರಕ್ಕೆ ಇಳಿಯುತ್ತವೆ. ಲೆಕ್ಕ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬೆಳಿಗ್ಗೆ ಹೋದರೆ ಮೇವಿಗೆ ಹೋಗಿಬರುವ ಗಲಾಟೆ. ಬಿಸಿಲೇರಿದ ಮೇಲೆ ಬಣ್ಣದ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಬಿಚ್ಚಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಕೊಕ್ಕು ಅರೆತೆರೆದಿರುತ್ತದೆ, ಕಾಲ ಸಂದಿಯ ನೆರಳಲ್ಲಿ ಎರಡೋ ಮೂರೋ ಬಿಳಿ ತುಪ್ಪುಳದ ತಲೆ. ಹಾಗೆ ನಿಂತ ಹಕ್ಕಿಯೊಂದಕ್ಕೆ ಗೂಡೊಂದು. ಮರಿ ಬಲಿತರೆ ತಾಯಿತಂದೆ ನೆರಳಿಗೆ ನಿಲ್ಲುವುದಿಲ್ಲ. ಅದಕ್ಕೇ ಮಾರ್ಚ್ ಆಗಬೇಕು, ಏಪ್ರಿಲ್ ಕೊನೆ ಬೇಡ. ಹೆಜ್ಜಾರ್ಲೆ (ಪೆಲಿಕನ್) ಮೊದಲೇ ಗೂಡು ಹಿಡಿಯುವುದರಿಂದ ಅದಕ್ಕೆ ಈ ಉಪಾಯ ನಡೆಯದು, ಮರಿಗುಂಪನ್ನೇ ಎಣಿಸಬೇಕು.

ಮರಕ್ಕೊಂದು ಸಂಖ್ಯೆ, ದೊಡ್ಡ ಕೊಂಬೆಗೊಂದು ಅಕ್ಷರ, ಎರಡು ಬದಿಯಿಂದ ನೋಟ. ಇಬ್ಬರು ಬೇರೆಬೇರೆ ಎಣಿಸಿ, ಹತ್ತರಲ್ಲೊಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮರ ಮತ್ತೆ. ಕೊನೆಯ ಸಲ ಒಂದು ಮರಕ್ಕೆ ಜೊತೆಗಾರರದು 23, ನನ್ನದು 24.

ದುಡ್ಡು ಹೋದದ್ದು ಟ್ರೈಪಾಡಿಗೆ. ಎರಡು ಸಾವಿರದ್ದು ಗಾಳಿಗೆ ಅಲುಗಿತು, ಆಮೇಲೆ ಐದೂವರೆ ಸಾವಿರದ ಹತ್ತಿರ ಕೊಟ್ಟು ಹಳೆಯದೊಂದು ಭಾರದ್ದು ತಂದೆ. ಆದರೂ ಅದರ ಮೇಲಿಟ್ಟ ಸ್ಕೋಪಿನೊಳಗೆ (ದೂರದ ಹಕ್ಕಿ ನೋಡುವ ದುರ್ಬೀನು) ಎಲ್ಲ ನೀರಲ್ಲಿದ್ದಂತೆ ನಡುಗಿತು. ತಪ್ಪು ಟ್ರೈಪಾಡಿನದಲ್ಲ, ಸಿಮೆಂಟು ರಸ್ತೆಯಿಂದೇಳುವ ಕಾವಿನದು. 60 ಪಟ್ಟು ಬಿಟ್ಟು 25ಕ್ಕೆ ಇಳಿಸಿ, ಊರಿನ ಒಂದು ಮನೆಯವರನ್ನು ಕೇಳಿ ಮಾಳಿಗೆ ಹತ್ತಿದರೆ ಅರ್ಧ ನಡುಕ ನಿಂತಿತು. ತಗಡಿನ ಚಾವಣಿಯ ಮೇಲಿಂದ ಹಾದುಹೋಗುವ ನೋಟ ಮಾತ್ರ ಬೇಡವೇ ಬೇಡ. ಯಾವ ಮಾಳಿಗೆ ಎಂದು ಹೇಳುವುದಿಲ್ಲ, ಈಗಲೇ ಅಲ್ಲಿ ಜಾಗ ಸಾಲದು.

ಮಧ್ಯಾಹ್ನದವರೆಗೆ ಕೈಕಟ್ಟಿ ಕೂರಬೇಕಿಲ್ಲ. ರಂಗನತಿಟ್ಟಿನ ಮೊದಲ ದೋಣಿ ಹಿಡಿದು, ಹನ್ನೊಂದಕ್ಕೆ ಹೊರಟರೆ ಬೆಳ್ಳೂರಿಗೆ ಸುಮಾರು 70 ಕಿಲೋಮೀಟರು. ವಿಶೇಷ ದೋಣಿ ನಾಲ್ವರು ಹಂಚಿಕೊಂಡರೆ ತಲೆಗೆ ಐನೂರರ ಆಸುಪಾಸು ಬಿದ್ದ ನೆನಪು. ದೋಣಿಯಲ್ಲಿ 10 ಪಟ್ಟಿನ ಬೈನಾಕ್ಯುಲರ್ ಕುಣಿಯುತ್ತದೆ, 8 ಸಾಕು. ನದಿ ರೀವ (ರಿವರ್ ಟರ್ನ್ ಹಕ್ಕಿ) ಬರಿ ಬಂಡೆಯ ಮೇಲೇ ಮೊಟ್ಟೆಯಿಡುತ್ತದೆ, ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ತಗ್ಗಿನ ಬಂಡೆಯವು ಹೋದಂತೆಯೇ. ಹಾಗಾಗಿ ಮೊಟ್ಟೆ ಕಂಡ ಬಂಡೆ ನೀರಿನಿಂದ ಎಷ್ಟು ಗೇಣು ಮೇಲಿದೆಯೆಂದು ಬರೆದಿಡಿ.

ಕಾರಿನ ಎಸಿಯಲ್ಲಿ ಬೈನಾಕ್ಯುಲರ್ ತಣ್ಣಗಿಟ್ಟು ನೋಡಿದೆ. ಹೊರಗೆ ತಂದೊಡನೆ ಗಾಜು ಮಂಜಾಗಿ ಹತ್ತು ನಿಮಿಷ ದಂಡ. ಒದ್ದೆ ಬಟ್ಟೆ ತಲೆಗಿರಲಿ, ಗಾಜಿಗೆ ಬೇಡ. ಮರದಡಿ ನಿಲ್ಲುವುದಾದರೆ ಹಳೇ ಕೊಡೆ ತನ್ನಿ. ನೆರಳಿಗಲ್ಲ, ಹಿಕ್ಕೆಗೆ.