ಬಯಲುಸೀಮೆಯಿಂದ ಸಲಾಲಕ್ಕೆ: ಕಡಲತೀರದ ಊರಿನಲ್ಲಿ ನೆಲೆನಿಂತ ನನ್ನ ಅನುಭವ

ಕೋಲಾರದಲ್ಲಿ ಐ.ಟಿ.ಐ. ಮುಗಿಸಿ, ಬೆಂಗಳೂರಿನಲ್ಲಿ ಒಂಬತ್ತು ವರ್ಷ ಎ.ಸಿ. ರಿಪೇರಿಯ ಕೆಲಸ ಮಾಡಿ, 2017ರ ನವೆಂಬರ್‌ನಲ್ಲಿ ಒಮಾನ್ ದೇಶದ ಸಲಾಲ ಎಂಬ ಕಡಲತೀರದ ಊರಿಗೆ ಹೋಟೆಲೊಂದರ ಎ.ಸಿ. ನಿರ್ವಹಣೆಗೆಂದು ಹೋದೆ. ಐದೂವರೆ ವರ್ಷ ಅಲ್ಲಿದ್ದು ಈಗ ಕೋಲಾರಕ್ಕೆ ಮರಳಿದ್ದೇನೆ. ಗಲ್ಫ್‌ಗೆ ಹೊರಟ ನಮ್ಮ ಕಡೆಯ ಹುಡುಗರು ಸಂಬಳ, ವೀಸಾ, ಊಟ ಇವನ್ನೆಲ್ಲ ವಿಚಾರಿಸುತ್ತಾರೆ. ಕಡಲಿನ ವಿಷಯ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆಯಲ್ಲಿ ಬೆಳೆದವನಿಗೆ ಅಲ್ಲಿ ಅರಬಿ ಭಾಷೆಗಿಂತ ಕಷ್ಟಪಟ್ಟು ಕಲಿಯಬೇಕಾಗಿ ಬಂದದ್ದು ಉಪ್ಪಿನ ಮತ್ತು ತೇವದ ರೀತಿನೀತಿ.

ಸಮುದ್ರ ಕಾಣುವ ಮನೆ ಬೇಕೆಂಬ ಆಸೆಯಿಂದ ತೀರಕ್ಕೆ ಇನ್ನೂರು ಮೀಟರ್ ದೂರದಲ್ಲಿ ನೆಲಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದೆ. ಚಳಿಗಾಲದ ನಾಲ್ಕು ತಿಂಗಳು ಸುಖವಾಗಿಯೇ ಕಳೆದವು. ಮಾರ್ಚ್‌ನಲ್ಲಿ ಒಂದು ದಿನ ಹೊರಗಿನ ಎ.ಸಿ. ಯೂನಿಟ್ಟಿನ ಹಿಂಬದಿಗೆ ಕೈ ಹಾಕಿದಾಗ ಶಾಖ ಹೊರಬಿಡುವ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಬೆರಳಿಗೆ ತಾಗಿದ ಕೂಡಲೇ ಬಿಳಿ ಪುಡಿಯಾಗಿ ಉದುರಿದವು. ತಾಮ್ರದ ಕೊಳವೆ ಮತ್ತು ಅಲ್ಯೂಮಿನಿಯಂ ರೆಕ್ಕೆ ಒಂದಕ್ಕೊಂದು ತಾಗಿರುವ ಜಾಗದಲ್ಲಿ ಉಪ್ಪಿನ ತೇವ ಕುಳಿತರೆ ಅದು ಸಣ್ಣದೊಂದು ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಅನ್ನು ತಿನ್ನುತ್ತಾ ಹೋಗುತ್ತದೆ ಎಂಬುದನ್ನು ಪಾಠದಲ್ಲಿ ಓದಿದ್ದೆನಾದರೂ ಕಣ್ಣಾರೆ ಕಂಡದ್ದು ಅಲ್ಲಿಯೇ. ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಿಂದ ಒಳಗಡೆಯಿಂದ ಹೊರಮುಖವಾಗಿ ತೊಳೆಯುವುದು, ಕೀಲು ಮತ್ತು ಬೀಗಗಳಿಗೆ ತಿಂಗಳಿಗೊಮ್ಮೆ ಗ್ರೀಸ್ ಹಚ್ಚುವುದು, ಇವೆರಡನ್ನು ಮೊದಲ ವಾರದಿಂದಲೇ ರೂಢಿಸಿಕೊಂಡಿದ್ದರೆ ನನ್ನ ಮನೆಯ ಯೂನಿಟ್ ಉಳಿಯುತ್ತಿತ್ತು.

ಆ ಮನೆಯನ್ನು ಬಿಡಿಸಿದ್ದು ಮಾತ್ರ ಉಪ್ಪಲ್ಲ, ಮೆಕುನು ಚಂಡಮಾರುತ. 2018ರ ಮೇ 25ರಂದು ಅದು ಸಲಾಲದ ಬಳಿ ತೀರಕ್ಕೆ ಅಪ್ಪಳಿಸಿದಾಗ ಹಲವು ವರ್ಷಗಳ ಮಳೆ ಎರಡು ಮೂರು ದಿನಗಳಲ್ಲಿ ಸುರಿಯಿತು. ನಮ್ಮ ಬೀದಿಯ ಹಿಂದೆ ಒಣಗಿದ ತಗ್ಗೊಂದಿತ್ತು. ಅದನ್ನು ಅಲ್ಲಿಯವರು ವಾದಿ ಎನ್ನುತ್ತಾರೆ. ಪಾಲಾರ್ ನದಿಯ ಮರಳನ್ನಷ್ಟೇ ಕಂಡು ಬೆಳೆದ ನನಗೆ ಒಣಗಿದ ಹೊಳೆಯೆಂದರೆ ಭಯವೆಂಬುದೇ ಇರಲಿಲ್ಲ. ಅಂದು ರಾತ್ರಿ ಬೆಟ್ಟದಿಂದ ಆ ವಾದಿಯಲ್ಲಿ ನೀರು ನುಗ್ಗಿ ಬಂದು, ಮನೆಯೊಳಗೆ ಮೊಣಕಾಲಿನವರೆಗೆ ನಿಂತಿತು. ಮೇಲ್ಮಹಡಿಯಲ್ಲಿದ್ದ ಕಣ್ಣೂರಿನ ಕುಟುಂಬ ನನ್ನನ್ನು ಮೇಲಕ್ಕೆ ಕರೆದು ಮೂರು ದಿನ ಇಟ್ಟುಕೊಂಡಿತು. ಆ ಋಣ ದೊಡ್ಡದು. ನೀರಿಳಿದ ಮೇಲೆ ತೀರದಿಂದ ಮೂರು ಕಿಲೋಮೀಟರ್ ಒಳಗೆ, ವಾದಿಯ ಹಾದಿ ತಪ್ಪಿಸಿ, ಮೊದಲ ಮಹಡಿಯಲ್ಲಿ ಮನೆ ಮಾಡಿದೆ. ಮನೆ ನೋಡಲು ಹೋದಾಗ ಗೋಡೆಯ ಬುಡದಲ್ಲಿ ನೀರು ನಿಂತ ಗೆರೆ ಇದೆಯೇ ಎಂದು ಬಗ್ಗಿ ನೋಡುವುದನ್ನು ಆಮೇಲೆ ನಾನು ಯಾವತ್ತೂ ತಪ್ಪಿಸಲಿಲ್ಲ.

ಜೂನ್ ಕೊನೆಯಲ್ಲಿ ಖರೀಫ್ ಆರಂಭವಾಯಿತು. ನಮ್ಮ ನೈಋತ್ಯ ಮಾರುತವೇ ಅಲ್ಲಿ ಖರೀಫ್. ತೀರದ ಉದ್ದಕ್ಕೂ ಬೀಸುವ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳುವುದರಿಂದ ಕಡಲಿನ ಆಳದ ತಣ್ಣೀರು ಮೇಲೇಳುತ್ತದೆ. ಅದರ ಮೇಲೆ ಹಾದುಬಂದ ತೇವದ ಗಾಳಿ ಮಂಜಾಗಿ ಬೆಟ್ಟಗಳನ್ನು ತಬ್ಬಿಕೊಳ್ಳುತ್ತದೆ. ಒಮಾನಿನ ಉಳಿದ ಭಾಗ 40 ಡಿಗ್ರಿ ದಾಟಿ ಬೇಯುವಾಗ ಸಲಾಲದಲ್ಲಿ 25ರ ಆಸುಪಾಸು ಇರುತ್ತದೆ. ಪ್ರತಿ ಶುಕ್ರವಾರ ಫೋನಿನಲ್ಲಿ ಅಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಮಳೆ ಬಂತೇನಪ್ಪಾ?’ ಎಂಬುದು. ‘ಬಂದಿದೆಯಮ್ಮ, ಆದ್ರೆ ಹನಿ ಕಾಣಲ್ಲ, ಬಟ್ಟೆ ಮಾತ್ರ ನೆನೆಯುತ್ತೆ’ ಎಂದರೆ, ‘ಅದು ಸೋನೆ ಕಣಪ್ಪಾ, ಕೆರೆಗೆ ನೀರು ಬರಲ್ಲ’ ಎನ್ನುತ್ತಿದ್ದರು. ಕೆರೆಯ ಮಾತು ಹಾಗಿರಲಿ, ಆ ಸೋನೆ ಮೂರು ತಿಂಗಳಲ್ಲಿ ಮನೆಯೊಳಗಿನ ವಸ್ತುಗಳನ್ನೆಲ್ಲ ಹಾಳುಮಾಡಬಲ್ಲದು. ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಬಂತು. ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ ಎಂದುಕೊಂಡಿದ್ದ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಮೂಡಿದವು. ಅವು ಇಂದಿಗೂ ಹೋಗಿಲ್ಲ. ಊರಿನಿಂದ ಹೊತ್ತುತಂದಿದ್ದ ರಾಗಿ ಹಿಟ್ಟು ಮುಗ್ಗಿಹೋಯಿತು.

ಇದಕ್ಕೆ ನನ್ನ ಕಸುಬಿನೊಳಗಿನ ಪರಿಹಾರ ಹೇಳುತ್ತೇನೆ. ಖರೀಫ್‌ನಲ್ಲಿ ಎ.ಸಿ.ಯನ್ನು ಕೂಲ್ ಮೋಡ್‌ನಲ್ಲಿ ಹಾಕಿದರೆ, ಕೋಣೆ ಮೊದಲೇ ತಣ್ಣಗಿರುವುದರಿಂದ ಕಂಪ್ರೆಸರ್ ಬೇಗ ನಿಂತುಬಿಡುತ್ತದೆ ಮತ್ತು ತೇವ ಹಾಗೆಯೇ ಉಳಿಯುತ್ತದೆ. ಡ್ರೈ ಮೋಡ್‌ನಲ್ಲಿ ಸಂಜೆ ಎರಡು ಗಂಟೆ, ಕಿಟಕಿ ಮುಚ್ಚಿ, ಓಡಿಸಬೇಕು. ಬೀರು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಡಬೇಕು. ಹಿಟ್ಟನ್ನು ತಿಂಗಳಿಗಾಗುವಷ್ಟೇ ತಂದು ಫ್ರಿಜ್ಜಿನಲ್ಲಿಡಬೇಕು. ರಾಗಿ ಅಲ್ಲಿಯೇ ಸಿಗುತ್ತದೆ. ಮಲಯಾಳಿ ಅಂಗಡಿಗಳಲ್ಲಿ ‘ರಾಗಿ’ ಎಂದು ಕೇಳಿ ಎರಡು ಬಾರಿ ಬರಿಗೈಯಲ್ಲಿ ಬಂದಿದ್ದ ನನಗೆ, ‘ಮುತ್ತಾರಿ’ ಎಂದು ಕೇಳಬೇಕೆಂದು ಹೇಳಿಕೊಟ್ಟದ್ದು ಅದೇ ಕಣ್ಣೂರಿನ ಮನೆಯವರು.

ಒಂದು ಖರೀಫ್ ಪೂರ್ತಿ ಕಳೆದ ಮೇಲೆಯೇ, 2019ರ ಮಾರ್ಚ್‌ನಲ್ಲಿ, ಹೆಂಡತಿ ಮತ್ತು ಮಗಳನ್ನು ಕರೆಸಿಕೊಂಡೆ. ಭಾರತೀಯ ಶಾಲೆಯ ಸಿ.ಬಿ.ಎಸ್‌.ಇ. ತರಗತಿಗಳು ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಆ ಸಮಯ ಹೊಂದಿತು. ಹಣದ ಲೆಕ್ಕಕ್ಕೆ ಹೆಂಡತಿಗೆ ಒಂದು ವಾರ ಹಿಡಿಯಿತು: ಒಂದು ರಿಯಾಲ್‌ಗೆ ಸಾವಿರ ಬೈಸಾ, ಆದ್ದರಿಂದ ಚೀಟಿಯಲ್ಲಿ ಚುಕ್ಕೆಯ ನಂತರ ಮೂರು ಅಂಕಿಗಳಿರುತ್ತವೆ. ಮೊದಲ ದಿನ 3.450 ಎಂಬ ತರಕಾರಿ ಚೀಟಿ ನೋಡಿ ಮೂರು ಸಾವಿರದ ನಾನೂರೈವತ್ತೇ ಎಂದು ಅವಳು ಚೀಲವನ್ನು ಅಲ್ಲಿಯೇ ಇಟ್ಟು ಬಂದಿದ್ದಳು.

ವಾಹನ ಪರವಾನಗಿಗೆ ನಮ್ಮ ಊರಿನ ಲೈಸೆನ್ಸ್ ಸಾಲದು. ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಗಾಡಿ ಸೇರಿಸುವ ಪರೀಕ್ಷೆ, ಏರಿನ ಪರೀಕ್ಷೆ, ರಸ್ತೆ ಪರೀಕ್ಷೆ ಎಲ್ಲವನ್ನೂ ಮಾಡಬೇಕು. ಬಲಗಡೆಯ ಸಂಚಾರಕ್ಕೆ ಒಗ್ಗಿಕೊಂಡ ಮೇಲೂ ಖರೀಫ್‌ನಲ್ಲಿ ಎಚ್ಚರ ತಪ್ಪಬಾರದು. ಬೆಟ್ಟದ ಒಂಟೆಗಳನ್ನು ಆಗ ಬಯಲಿಗೆ ಇಳಿಸುತ್ತಾರೆ, ಮಂಜಿನಲ್ಲಿ ಅವು ರಸ್ತೆಯ ನಡುವೆ ನಿಂತಿದ್ದರೂ ಹತ್ತಡಿಯವರೆಗೆ ಕಾಣುವುದಿಲ್ಲ.

ಇನ್ನು ಕಾಗದಪತ್ರ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಹಾಕುವ ಸರ್ಕಾರಿ ಮುದ್ರೆಗೆ ಅಪೊಸ್ಟಿಲ್ ಎನ್ನುತ್ತಾರೆ. ಒಮಾನ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶವಾದ್ದರಿಂದ ಅಂಕಪಟ್ಟಿ, ಮದುವೆ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರಗಳಿಗೆ ಇಲ್ಲಿಂದ ಹೊರಡುವ ಮುನ್ನವೇ ಆ ಮುದ್ರೆ ಹಾಕಿಸಿಕೊಳ್ಳುವುದು ಒಳ್ಳೆಯದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕು. ಅದನ್ನು ಮರೆಸಿ ಭೇಟಿ ವೀಸಾದಲ್ಲಿ ಕಳುಹಿಸುತ್ತೇನೆ ಎನ್ನುವ ಏಜೆಂಟರನ್ನು ನಂಬಬಾರದು. ನನಗೆ ಪೆಟ್ಟು ಬಿದ್ದದ್ದು ವೀಸಾದ ಅರಬಿ ಅಕ್ಷರದಲ್ಲಿ. ಆಫರ್ ಪತ್ರದಲ್ಲಿ ಇಂಗ್ಲಿಷಿನಲ್ಲಿ ಟೆಕ್ನಿಷಿಯನ್ ಎಂದಿದ್ದರೂ ವೀಸಾದಲ್ಲಿ ಅರಬಿಯಲ್ಲಿ ‘ಕೂಲಿ ಕೆಲಸಗಾರ’ ಎಂದಿತ್ತು. ಅದನ್ನು ಸರಿಪಡಿಸಿಕೊಳ್ಳಲು ಐದು ತಿಂಗಳು ಅಲೆದೆ.

ಕಳೆದ ತಿಂಗಳು ಬಂಗಾರಪೇಟೆಯ ಹುಡುಗನೊಬ್ಬ ಸಲಾಲಕ್ಕೇ ಆಫರ್ ಪತ್ರ ಹಿಡಿದು ಮನೆಗೆ ಬಂದಿದ್ದ. ‘ಅಣ್ಣಾ, ಜೂನ್‌ನಲ್ಲಿ ಹೊರಡಬೇಕಂತೆ’ ಎಂದ. ಪತ್ರದಲ್ಲಿ ವೀಸಾದ ಪ್ರತಿ ಇರಲಿಲ್ಲ. ಅರಬಿ ಪ್ರತಿಯನ್ನು ತರಿಸಿಕೊಂಡು, ಇಲ್ಲಿ ಉರ್ದು ಮತ್ತು ಅರಬಿ ಬಲ್ಲ ಮೇಷ್ಟ್ರೊಬ್ಬರಿಂದ ಹುದ್ದೆಯ ಹೆಸರನ್ನು ಓದಿಸಿಕೊಂಡು ಬಾ, ಆಮೇಲೆ ಟಿಕೆಟ್ಟಿನ ಮಾತು ಎಂದು ಹೇಳಿ ಕಳುಹಿಸಿದ್ದೇನೆ.